ಟಾಕೀಸಿನ ಹಿಂದಿನ ಓಣಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮುದ್ದೇಬಿಹಾಳದ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದೆ. ನನ್ನ ಊರು ಸಿಂದಗಿ. ಮದುವೆ ಇನ್ನೂ ಆಗಿರಲಿಲ್ಲ, ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ವಾರವೆಲ್ಲ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಐತವಾರ ಮಧ್ಯಾಹ್ನ ಊರಂಚಿನ ತಗಡಿನ ಟಾಕೀಸಿಗೆ ಹೋಗುವುದು, ಸೋಮವಾರ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿ ಆ ಪಿಕ್ಚರನ್ನು ಎಳೆ ಎಳೆಯಾಗಿ ಬಿಡಿಸುವುದು. ಇದು ನನ್ನ ಬದುಕು.

ಬಿಡಿಸಲು ಜೊತೆಗಿದ್ದವರು ಹೊಲಿಗೆ ಕಲಿಸುವ ಟೀಚರು. ಇಂಡಿ ಊರಿನವರು, ಎಲ್ಲರಿಗೂ ಆಪಾ. ತವರಿಗೆ ಹೋದಾಗಲೆಲ್ಲ ರೈಲು ಹತ್ತಿ ಸೊಲ್ಲಾಪುರದಲ್ಲಿ ಹಿಂದಿ ಪಿಕ್ಚರ್ ನೋಡಿ ಬರುತ್ತಿದ್ದರು. ನಮ್ಮ ಕನ್ನಡದವುಗಳ ಮೇಲೆ ಅವರದು ಒಂದೇ ತಕರಾರು. "ಹತ್ತು ಮಂದೀನ ಹೊಡದ್ರೂ ಹೀರೋನ ಅಂಗಿ ಇಸ್ತ್ರಿ ಮುರಿಯಂಗಿಲ್ಲ ನೋಡು. ನಮ್ಮ ಮನ್ಯಾಗ ಒಂದು ತಾಸು ಕುರ್ಚಿ ಮ್ಯಾಲ ಕುಂತ್ರ ಸಾಕು, ಮುದ್ದಿ ಆಗಿರ್ತೈತಿ."

ಮುಂದಿನ ವರ್ಷ ಮೂರನೆಯವರು ಬಂದರು. ನಾಲತವಾಡದ ಕಡೆಯ ಹೆಣ್ಣುಮಗಳು, ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಗಂಡ ತೀರಿಹೋಗಿದ್ದ. ಮುದ್ದೇಬಿಹಾಳದಲ್ಲೇ ಕಾಳಿನ ಅಂಗಡಿ ಇಟ್ಟಿದ್ದ ಗಂಡನ ಅಣ್ಣನ ಮನೆಯಲ್ಲಿದ್ದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಮೊದಲ ಎರಡು ವಾರ ಅವರು ತುಟಿ ಬಿಚ್ಚಲಿಲ್ಲ. ಒಂದು ಸೋಮವಾರ ನಾನು, "ಆ ತಾಯಿ ಪಾರ್ಟಿನಾಕಿ ಎಷ್ಟು ಚಂದ ಅತ್ತಾಳ ಅಂತೀನಿ!" ಎಂದಾಗ ಥಟ್ಟನೆ ಹೇಳಿದರು:

"ಅದು ಸುಳ್ಳು ಅಳು. ಅಳೂಕಿಂತ ಮೊದಲ ಉಸರು ತುಂಬ್ಕೊಂತಾಳ. ಖರೇ ದುಃಖ ಬಂದಾಕಿಗೆ ಉಸರು ತುಂಬ್ಕೊಳ್ಳಾಕ ಎಲ್ಲಿ ಪುರುಸೊತ್ತು?"

ಆಪಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ನೀವು ಯಾವಾಗ ನೋಡಿದ್ರಿ?" ಎಂದೆ.

"ನಿನ್ನಿ."

"ಯಾರ ಜೋಡಿ ಹೋಗಿದ್ರಿ?"

"ನಮ್ಮವ್ರ ಜೋಡಿ," ಎಂದು ಡಬ್ಬಿಯ ಮುಚ್ಚಳ ಹಾಕಿದರು.

ನಿನ್ನೆ ಮಧ್ಯಾಹ್ನದ ಆಟಕ್ಕೆ ನಾನೂ ಹೋಗಿದ್ದೆ. ಹೆಂಗಸರ ಕಡೆ ಇದ್ದದ್ದು ಮೂರು ಸಾಲು. ಅಲ್ಲಿ ಯಾರು ಮಗುವಿಗೆ ಶೇಂಗಾ ತಿನ್ನಿಸಿದರು ಎಂಬುದೂ ನನಗೆ ಗೊತ್ತಿತ್ತು. ಇವರು ಅಲ್ಲಿರಲಿಲ್ಲ. ಇನ್ನು ಅವರ ಭಾವನೋ, ಟಾಕೀಸಿನ ನೆರಳು ಬಿದ್ದರೂ ಸ್ನಾನ ಮಾಡುವಂಥ ಮನುಷ್ಯ. ಹಾಗಾದರೆ ಈ 'ನಮ್ಮವರು' ಯಾರು?

ಅನುಮಾನ ಒಮ್ಮೆ ಒಳಗೆ ಬಂದರೆ ಸುಮ್ಮನೆ ಕೂಡುವುದಿಲ್ಲ. ಅಕ್ಕೋರ ಮಾತುಗಳನ್ನೆಲ್ಲ ತೂಗಿ ನೋಡತೊಡಗಿದೆ. ಪ್ರತಿ ವಾರದ ಪಿಕ್ಚರೂ ಅವರಿಗೆ ಗೊತ್ತಿರುತ್ತಿತ್ತು. ಖಳನಾಯಕ ಯಾವ ಮಾತಿನಲ್ಲಿ ತಡವರಿಸಿದ ಎಂಬುದು ಕೂಡ. ಆದರೆ ಒಮ್ಮೆಯೂ ಅವರು ಒಂದು ಸೀರೆಯ ಬಗ್ಗೆ, ಒಂದು ಮನೆಯ ಬಗ್ಗೆ, ಯಾರದಾದರೂ ಮೂಗಿನ ಬಗ್ಗೆ ಮಾತಾಡಿದ್ದಿಲ್ಲ. ಹೆಂಗಸರು ಪಿಕ್ಚರ್ ನೋಡಿ ಬಂದು ಸೀರೆಯ ಮಾತಾಡದೆ ಇರುವುದುಂಟೆ?

ಆಮೇಲೊಂದು ಐತವಾರ, ಟಿಕೆಟ್ಟಿಗೆ ನಿಂತಿದ್ದಾಗ ಅವರನ್ನು ಕಂಡೆ. ಸೆರಗು ಹಣೆಯವರೆಗೆ ಎಳೆದುಕೊಂಡು, ಕೈಯಲ್ಲೊಂದು ಗಂಟು ಹಿಡಿದು, ಟಾಕೀಸಿನ ಹಿಂದಿನ ಓಣಿಗೆ ಹೊರಳಿದರು. ಹೊರಳುವ ಮುನ್ನ ಒಮ್ಮೆ ಹಿಂದೆ ನೋಡಿದರು. ಆ ಓಣಿಯಲ್ಲೇ ಮಷೀನು ಓಡಿಸುವ ಆಪರೇಟರನ ಕೋಣೆ ಇದ್ದದ್ದು. ಗಿರಿಜಾ ಮೀಸೆಯ, ಒಂಟಿ ಮನುಷ್ಯ. ಆ ದಿನ ತೆರೆಯ ಮೇಲೆ ಏನು ನಡೆಯಿತೋ ನನಗೆ ನೆನಪಿಲ್ಲ.

ಮರುದಿನ ಆಪಾಗೆ ಹೇಳಿದೆ. "ತೋಬಾ, ಬಾಯಿ ಮುಚ್ಚು," ಎಂದರು, ಆದರೆ ಕಣ್ಣು ಅಗಲವಾಗಿದ್ದವು. ನಾನು ಬಾಡಿಗೆಗಿದ್ದ ಮನೆಯ ಒಡತಿಗೂ ಹೇಳಿದೆ. ಹೇಳಬಾರದಿತ್ತು.

ಅಷ್ಟಕ್ಕೇ ಬಿಡದೆ ಮತ್ತೊಂದು ಕೆಲಸ ಮಾಡಿದೆ. ಬುತ್ತಿ ಬಿಚ್ಚಿ ಕೂತಾಗ ಏನೂ ಅರಿಯದವಳಂತೆ ಕೇಳಿದೆ: "ಅಕ್ಕೋರ, ಆ ತ್ವಾಟದಾಗಿನ ಹಾಡಿನ್ಯಾಗ ಹೀರೋಯಿನ್ ಉಟ್ಟಿದ್ಲಲ್ಲ, ಆ ಸೀರಿ ಯಾವ ಬಣ್ಣದ್ದರಿ? ನನಗ ಮರ್ತೈತಿ."

ಅವರು ಒಂದು ಗಳಿಗೆ ತಡೆದು, "ಹಸರು. ಗಿಳಿಹಸರು," ಎಂದರು.

"ಅದು ಕಪ್ಪು-ಬಿಳುಪು ಪಿಕ್ಚರ್ ರೀ ಅಕ್ಕೋರ."

ಆಪಾ ನಗು ತಡೆಯಲು ಹೋಗಿ ಕೆಮ್ಮಿದರು. ಅಕ್ಕೋರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟರು. ಡಬ್ಬಿ ಎತ್ತಿಕೊಂಡು ಎದ್ದು ಹೋದರು. ಮರುದಿನದಿಂದ ತಮ್ಮ ಕ್ಲಾಸಿನಲ್ಲಿ ಒಬ್ಬರೇ ಉಂಡರು.

ಗೆದ್ದ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಲೆಕ್ಕ ಎಲ್ಲೋ ತಪ್ಪಿತ್ತು. ಆಪರೇಟರನ ಜೊತೆ ಮಷೀನಿನ ಕೋಣೆಯಲ್ಲಿ ಕೂತು ನೋಡಿದ್ದರೆ ಬಣ್ಣವಿಲ್ಲದ್ದು ಗೊತ್ತಾಗದೇ ಇರುತ್ತದೆಯೆ? ನೋಡದೆ ಇದ್ದರೆ ತಾಯಿಯ ಉಸಿರು ಹೇಗೆ ಗೊತ್ತು? ಎರಡು ದಿನ ಇದನ್ನೇ ತಿರುವಿ ಹಾಕಿದೆ. ಮುಂದಿನ ಐತವಾರ ಟಿಕೆಟ್ಟು ತೆಗೆಸದೆ, ಅವರ ಹಿಂದೆಯೇ ಓಣಿಗೆ ಹೋದೆ.

ಅವರು ಆಪರೇಟರನ ಕೋಣೆ ದಾಟಿದರು. ಅದಕ್ಕೆ ಬೀಗ ಹಾಕಿತ್ತು. ಕೊನೆಯ ಮನೆಗೆ ಹೊಕ್ಕರು. ಬಾಗಿಲು ತೆರೆದೇ ಇತ್ತು. ಒಳಗೆ ಮಣ್ಣಿನ ನೆಲದ ಒಂದೇ ಪಡಸಾಲೆ. ಅದರ ಹಿಂಬದಿಗೆ ಗೋಡೆಯಿರಲಿಲ್ಲ, ಟಾಕೀಸಿನ ತಗಡೇ ಗೋಡೆ. ಆ ತಗಡಿಗೆ ಬೆನ್ನು ಹಚ್ಚಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಅಕ್ಕೋರು, ಮೊರದಲ್ಲಿ ಜೋಳ ಹಸನು ಮಾಡುತ್ತ. ಗಂಟಿನಿಂದ ತೆಗೆದ ರೊಟ್ಟಿ, ಪಲ್ಯ ಮುದುಕಿಯ ಮುಂದಿದ್ದವು. ತಗಡಿನಾಚೆಯಿಂದ ವಕೀಲನೊಬ್ಬನ ದನಿ ಗುಡುಗುತ್ತಿತ್ತು.

ನನ್ನನ್ನು ಕಂಡು ಅಕ್ಕೋರು ಎದ್ದು ನಿಂತರು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು, ತಲೆ ಎತ್ತಿ, "ಯಾರವಾ ಅದು? ಬಂದಾಕಿ ಸುಮ್ಮ ಕುಂದ್ರು, ಕೋರ್ಟ್ ನಡದೈತಿ," ಎಂದಳು.

ನಾನು ಕೂತೆ. ತೀರ್ಪು ಆಗುವವರೆಗೆ ಮೂವರೂ ತಗಡಿಗೆ ಕಿವಿಗೊಟ್ಟು ಕೇಳಿದೆವು.

ಆಮೇಲೆ ಅಕ್ಕೋರು ಮೆಲ್ಲಗೆ ಹೇಳಿದರು. ಮುದುಕಿ ಅವರ ಗಂಡನ ಸೋದರತ್ತೆ. ಕಣ್ಣು ಕಾಣದ ಅತ್ತೆಗೆ ವಾರಕ್ಕೊಮ್ಮೆ ರೊಟ್ಟಿ ಮುಟ್ಟಿಸಿ ಬರಲು ಭಾವ ಒಪ್ಪಿದ್ದಾರೆ. "ಟಾಕೀಜಿನ ಒಳಗ ಕಾಲಿಟ್ರ ನೌಕರಿ ಬಿಡಸ್ತಾರ್ರಿ. ಇಲ್ಲಿ ಕುಂತು ಕೇಳಿದ್ರ ಯಾರ ಗಂಟು ಹೋಗತೈತಿ? ನಿಮ್ಮ ನಡುವ ಮಾತಾಡಬೇಕು ಅನಸ್ತು. ಅದಕ್ಕ ನೋಡೇನಿ ಅಂತ ಸುಳ್ಳ ಹೇಳ್ದೆ."

"ತಪ್ಪಾತ್ರಿ," ಎಂದೆ. ಎಷ್ಟು ದೊಡ್ಡ ತಪ್ಪು ಎಂಬುದನ್ನು ಹೇಳುವ ಧೈರ್ಯ ಬರಲಿಲ್ಲ.

ಆ ತಪ್ಪಿನ ಫಲ ಬುಧವಾರ ತಾನಾಗಿಯೇ ಬಂತು. ಅವರ ಭಾವ ಶಾಲೆಯ ಅಂಗಳಕ್ಕೆ ಬಂದು ನಿಂತರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ನನ್ನನ್ನೇ ಕರೆಸಿ ಕೇಳಿದರು: "ನಮ್ಮ ಮನಿ ಹೆಣ್ಣಮಗಳು ಆಪರೇಟರನ ಓಣ್ಯಾಗ ಅಡ್ಡಾಡತಾಳ ಅಂತ ಮಂದಿ ಮಾತಾಡಾಕತ್ತಾರ. ನಿಮಗೇನಾದ್ರೂ ಗೊತ್ತೇನ್ರಿ?"

ಕಿಟಕಿಯ ಹಿಂದೆ ಅಕ್ಕೋರು ನಿಂತದ್ದು ಕಾಣುತ್ತಿತ್ತು.

"ಗೊತ್ತೈತ್ರಿ. ಐತವಾರಕ್ಕೊಮ್ಮೆ ನಾನೂ ಅವ್ರ ಜೋಡಿ ಇರ್ತೇನಿ. ಅಜ್ಜಿಗೆ ಊಟ ಮಾಡ್ಸಿ, ಜ್ವಾಳ ಹಸನ ಮಾಡಿಕೊಟ್ಟು ಬರ್ತೇವಿ. ಬೇಕಾದ್ರ ಅಜ್ಜೀನ ಕೇಳ್ರಿ."

ಅವರು ಕೊಡೆಯ ತುದಿಯನ್ನು ನೆಲಕ್ಕೆ ಊರಿ ನನ್ನ ಮುಖ ನೋಡಿದರು. ನಂಬಿದರೋ ಇಲ್ಲವೋ ಇವತ್ತಿಗೂ ಹೇಳಲಾರೆ. ಕೊನೆಗೆ, "ಇನ್ನ ಮ್ಯಾಲ ನೀವ ಮನೀತನ ಬಂದು ಕರ್ಕೊಂಡು ಹೋಗ್ರಿ, ನೀವ ತಂದು ಬಿಡ್ರಿ," ಎಂದರು.

ಹೀಗೆ ನಾನು ಕಾವಲಿನವಳಾದೆ. ಪ್ರತಿ ಐತವಾರ ಅವರ ಬಾಗಿಲಿಗೆ ಹೋಗುತ್ತಿದ್ದೆ. ಭಾವ ಅಂಗಡಿಯ ಕಟ್ಟೆಯ ಮೇಲಿಂದ, ನಾವು ಓಣಿಯ ತಿರುವು ದಾಟುವವರೆಗೆ ನೋಡುತ್ತಿದ್ದರು. ಟಿಕೆಟ್ಟಿಲ್ಲದೆ ಕೇಳಿದ ಆ ಪಿಕ್ಚರುಗಳ ಬಗ್ಗೆ ಮುದುಕಿಯೂ ಸೇರಿ ಮೂವರೂ ಜಗಳಾಡುತ್ತಿದ್ದೆವು.

ಬೇಸಿಗೆಗೆ ಮುಂಚೆ ಟೀಚರುಗಳಿಗೆ ಬಸವನ ಬಾಗೇವಾಡಿಯಲ್ಲಿ ಒಂದು ದಿನದ ಮೀಟಿಂಗ್ ಬಂತು. ಅದು ಮಧ್ಯಾಹ್ನಕ್ಕೇ ಮುಗಿಯಿತು. ಅಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲ. ಇದ್ದಾರೇನೋ ಎಂದು ನಾಲ್ಕು ಸಲ ಹಿಂದೆ ನೋಡುತ್ತ, ಇಬ್ಬರೂ ಅಲ್ಲಿನ ಪಿಕ್ಚರ್ ಟೆಂಟಿನೊಳಗೆ ಹೊಕ್ಕೆವು. ನಾವು ತಗಡಿನ ಹಿಂದೆ ಎರಡು ಸಲ ಕೇಳಿದ್ದ ಪಿಕ್ಚರೇ ಅಲ್ಲಿ ನಡೆದಿತ್ತು. ಅಕ್ಕೋರು ಅಳುತ್ತಾರೆಂದುಕೊಂಡಿದ್ದೆ. ಅವರು ಹುಬ್ಬು ಗಂಟಿಕ್ಕಿ, ಕೊನೆಯವರೆಗೂ ಹೀರೋನ ಬಾಯಿಯನ್ನೇ ನೋಡುತ್ತ ಕೂತಿದ್ದರು.

"ಹೆಂಗಿತ್ರಿ?" ಎಂದೆ, ಬಸ್ಸಿನಲ್ಲಿ.

"ಆ ದನಿ ಅವಂದಲ್ಲ. ತುಟಿ ಒಂದ ಕಡೆ, ಮಾತ ಒಂದ ಕಡೆ. ಬ್ಯಾರೆ ಯಾವನೋ ಮಾತಾಡ್ಯಾನ," ಎಂದು, ಸ್ವಲ್ಪ ತಡೆದು, "ನನಗ ಆ ಬ್ಯಾರೆಯಾಂವ ಬೇಕಾಗಿದ್ದ ನೋಡ್ರಿ," ಎಂದು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡು ವರ್ಷದ ಮೇಲೆ ನನಗೆ ಸಿಂದಗಿಗೆ ವರ್ಗವಾಯಿತು. ಮಾತು ಭಾವನ ಕಿವಿಗೆ ಮುಟ್ಟಿಸಿದವರು ಆಪಾ ಎಂದೇ ನಾನು ಒಳಗೊಳಗೆ ನಂಬಿದ್ದೆ. ಆಪಾ ಖುರಾನಿನ ಮೇಲೆ ಆಣೆ ಮಾಡಿದರೂ ಅವರೊಂದಿಗೆ ಮೊದಲಿನಂತೆ ಮಾತಾಡಲಿಲ್ಲ. ಮನೆಯ ಒಡತಿಯೂ ಕಾಳು ತರಲು ಆ ಅಂಗಡಿಗೇ ಹೋಗುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಅಕ್ಕೋರು ಮಾತ್ರ ಯಾರನ್ನೂ ಅನುಮಾನಿಸಲಿಲ್ಲ. ಆ ಬುಧವಾರ ನಾನು ಅವರನ್ನು ಉಳಿಸಿದೆನೆಂದು ಕೊನೆಯವರೆಗೂ ಎಲ್ಲರೆದುರು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ.