ಮಾವನ ಹಣೆಯ ಮೇಲಿದ್ದ ಸುಣ್ಣ

1963ರ ಫೆಬ್ರವರಿ. ರಜೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರು. ಶಿಡ್ಲಘಟ್ಟದ ಹೊರಗೆ ನಮ್ಮ ಸೋದರಮಾವನ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಮಾವ ತೀರಿಕೊಂಡಾಗ ಹತ್ತಿರ ಇದ್ದವಳು ನಾನೊಬ್ಬಳೇ. ನನಗೆ ಹದಿನೇಳು ವರ್ಷ.

ಮಾವ ಹೈಸ್ಕೂಲಿನಲ್ಲಿ ಮೇಷ್ಟ್ರು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು "ದೇವ್ರಿಲ್ಲದ ಮೇಷ್ಟ್ರು" ಅಂತ. ಕಣಿ ಹೇಳುವವರ ಜೊತೆ ಸಂತೆಯಲ್ಲೇ ನಿಂತು ವಾದ ಮಾಡುತ್ತಿದ್ದರು. ನನಗೆ ಅನುವಾದದ ಕಾದಂಬರಿಗಳ ರುಚಿ ಹತ್ತಿಸಿದವರೂ ಅವರೇ. ಓದುವ ಸಲುವಾಗಿಯೇ ನಾನು ಅವರ ಮನೆಯಲ್ಲಿದ್ದೆ.

ಮಾವ ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಚಿಂತಾಮಣಿಯಲ್ಲಿ ಅವರಂಥದೇ ವಿಚಾರದ ಒಬ್ಬ ವಕೀಲರು ಸತ್ತಿದ್ದರು. ಕೊನೆಗಳಿಗೆಯಲ್ಲಿ ತುಳಸಿ ನೀರು ಕೇಳಿ ಕುಡಿದರು, ಕೈ ಮುಗಿದರು ಎಂದು ಸುದ್ದಿ ಹಬ್ಬಿತು. ಮಾವ ಬಸ್ಸು ಹತ್ತಿ ಹೋಗಿ ವಕೀಲರ ಮಗನನ್ನೇ ಕೇಳಿ ಬಂದರು. ಮೂರು ದಿನದಿಂದ ಅವರಿಗೆ ಪ್ರಜ್ಞೆಯೇ ಇರಲಿಲ್ಲವಂತೆ.

"ದೇವ್ರಿಲ್ಲ ಅಂದೋರೆಲ್ಲ ಸಾಯೋವಾಗ ದೇವ್ರೇ ಅಂದ್ರಂತೆ. ಕೇಳಿಸ್ಕೊಂಡೋರು ಯಾರು ಅಂದ್ರೆ ಒಬ್ರೂ ಸಿಗಲ್ಲ," ಎಂದರು ಅವತ್ತು. "ನಂಗೂ ಕಟ್ತಾರೆ ಕಣಮ್ಮ ಇದೇ ಕಥೆ. ನೀನು ಓದೋಳು. ಕಂಡಿದ್ದನ್ನ ಕಂಡಂಗೆ ಹೇಳ್ಬೇಕು. ಹೇಳ್ತೀಯಾ?"

ಹೇಳ್ತೀನಿ ಅಂದೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ದೇವ್ರಿಲ್ಲ ಅಂತೀರಿ, ಸರಿ. ಮುದ್ದೆ ಐತೆ ಅಂತನಾದ್ರೂ ಒಪ್ಕೊಂಡು ಬನ್ನಿ, ಆರೋಗ್ತೈತೆ!"

ಮಾವ ಜೋರಾಗಿ ನಕ್ಕರು.

ಅತ್ತೆ ತಮಾಷೆ ಮಾಡುತ್ತಿದ್ದರು, ನಿಜ. ಆದರೆ ಮದುವೆಯಾದಾಗಿನಿಂದ ಪ್ರತಿ ಸೋಮವಾರ ಉಪವಾಸ ಇರುತ್ತಿದ್ದರು. ಸತ್ತ ಮೇಲೆ ಈ ಮನುಷ್ಯನ ಗತಿ ಏನು, ಎಲ್ಲಿಗೆ ಹೋಗುತ್ತಾರೆ ಎಂಬ ಭಯ. ನನ್ನ ಹತ್ತಿರ ಒಮ್ಮೆ ಮಾತ್ರ ಹೇಳಿಕೊಂಡಿದ್ದರು.

ಮಾವ ತೀರಿಕೊಂಡ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನಾಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಬೇಕು, ತೇವ ಹೀರಲು.

ಮಾವ ತೆಳು ಬಟ್ಟೆಯಲ್ಲಿ ಸುಣ್ಣ ಕಟ್ಟಿಕೊಂಡು ಒಂದೊಂದೇ ತಟ್ಟೆಗೆ ಉದುರಿಸುತ್ತಿದ್ದಾರೆ. ನಾನು ತಟ್ಟೆ ಎಳೆದು ಕೊಡುತ್ತಿದ್ದೇನೆ. ನಡುವೆ ನಿಂತರು. ಹಣೆಯಲ್ಲಿ ವಿಪರೀತ ಬೆವರು. ಮೂರು ಬೆರಳಿನಿಂದ ಅಡ್ಡಲಾಗಿ ಒರೆಸಿಕೊಂಡರು.

ಗೋಡೆಗೆ ಒರಗಿ ಕೂತರು. ನೀರು ಕೇಳಿದರು. ಎರಡು ಗುಟುಕು ಕುಡಿದರು.

"ಕಿಟಕಿ ಗೋಣಿ ಇಳಿಸಮ್ಮ. ಗಾಳಿ ಬಡೀತೈತೆ ಹುಳಕ್ಕೆ."

ಇಳಿಸಿ ತಿರುಗಿದೆ... ಅಷ್ಟೇ.

ನಾನು ಓದಿದ ಕಾದಂಬರಿಗಳಲ್ಲಿ ಸಾಯುವವರು ಒಂದು ಪೂರ್ತಿ ಮಾತು ಹೇಳಿ ಸಾಯುತ್ತಿದ್ದರು. ಮಾವ ಹೇಳಿದ್ದು ಗೋಣಿಯ ವಿಷಯ.

ನನ್ನ ಕೂಗಿಗೆ ಅತ್ತೆ ಓಡಿ ಬಂದರು. ಎದೆ ಬಡಿದುಕೊಂಡು ಅವರ ಮುಖ ಎತ್ತಿ ಹಿಡಿದವರು ಇದ್ದಕ್ಕಿದ್ದಂತೆ ಅಳು ನಿಲ್ಲಿಸಿದರು.

"ಇಟ್ಕೊಂಡವ್ರೆ ನೋಡೇ... ವಿಭೂತಿ ಇಟ್ಕೊಂಡವ್ರೆ."

ಬೆವರಿಗೆ ಅಂಟಿ ಒಣಗಿದ್ದ ಮೂರು ಬಿಳಿ ಗೆರೆ.

ಅತ್ತೆ ವರ್ಷಕ್ಕೆ ಐದು ಸಲ ಹುಳು ಸಾಕುತ್ತಿದ್ದವರು. ಸುಣ್ಣ ಯಾವುದು, ವಿಭೂತಿ ಯಾವುದು ಎಂದು ತಿಳಿಯದವರಲ್ಲ. ಸುಣ್ಣದ ಗಂಟು ಅಲ್ಲೇ ನೆಲದ ಮೇಲಿತ್ತು.

"ನೀನಿದ್ಯಲ್ಲಮ್ಮ, ನೋಡ್ದಾ? ಅವ್ರೇ ಹಚ್ಕೊಂಡ್ರಾ?"

"ಹೂಂ ಅತ್ತೆ. ಅವರೇ."

ಮೈ ತೊಳೆಯುವಾಗ ಹಣೆಗೆ ನೀರು ಸೋಕಿಸಬೇಡಿ ಎಂದು ಅತ್ತೆ ಹಟ ಹಿಡಿದರು. ಆ ಸುಣ್ಣದ ಮೇಲೆಯೇ ನಿಜವಾದ ವಿಭೂತಿ ಬಳಿದರು.

ತಿಥಿಯ ಹೊತ್ತಿಗೆ ಸುದ್ದಿ ಬೆಳೆದಿತ್ತು. ಮೇಷ್ಟ್ರು ಶಿವ ಶಿವ ಅಂದರಂತೆ. ಮಾಡಿದ್ದೆಲ್ಲ ತಪ್ಪಾಯ್ತು ಅಂದರಂತೆ. ಗೌರಿಬಿದನೂರಿನಿಂದ ಬಂದ ನೆಂಟರು ಅದನ್ನು ನನಗೇ ವಿವರವಾಗಿ ಹೇಳಿದರು.

ಅಲೀಪುರದ ಸಾಹೇಬರೊಬ್ಬರು ಬಂದಿದ್ದರು. ರೇಷ್ಮೆಗೂಡಿನ ವ್ಯಾಪಾರಿ, ಮಾವನ ಹಳೆಯ ಸ್ನೇಹಿತರು. ಜಗಲಿಯಲ್ಲಿ ನನ್ನನ್ನು ಕರೆದು ಕೂರಿಸಿಕೊಂಡರು.

"ಇಪ್ಪತ್ತು ವರ್ಷ ಜಗಳ ಆಡಿದೀನಿ ಬೇಟಿ, ದೇವ್ರಿದಾನೆ ಒಪ್ಕೊಳ್ಳಿ ಮೇಷ್ಟ್ರೇ ಅಂತ. ಈಗ ಒಪ್ಕೊಂಡ್ರು ಅಂತಾರೆ. ನಂಗೆ ಖುಷಿ ಆಗ್ಬೇಕಲ್ವಾ? ಆಗ್ತಾ ಇಲ್ಲ. ಯಾಕೋ ನನ್ನ ದೋಸ್ತ್ ಎರಡು ಸಲ ಹೋದಂಗಿದೆ... ನಿಜಾನಾ ಅದು?"

ಒಳಗೆ ಅತ್ತೆ ಊಟಕ್ಕೆ ಕೂತಿದ್ದರು. ಹನ್ನೊಂದು ದಿನದಲ್ಲಿ ಅವರು ಸರಿಯಾಗಿ ಉಂಡದ್ದು ಅವತ್ತೇ.

ಕಾಫಿ ತರ್ತೀನಿ ಎಂದು ಎದ್ದು ಹೋದೆ. ತಂದು ಕೊಟ್ಟಾಗ ಸಾಹೇಬರು ಮತ್ತೆ ಕೇಳಲಿಲ್ಲ. ಕುಡಿದು, ತಲೆ ಸವರಿ ಹೊರಟುಹೋದರು.

ಅತ್ತೆ ಸೋಮವಾರದ ಉಪವಾಸ ಬಿಟ್ಟರು. ಚಿಕ್ಕಬಳ್ಳಾಪುರದ ಒಂದು ಸ್ಟುಡಿಯೋದಲ್ಲಿ ಮಾವನ ಫೋಟೋ ದೊಡ್ಡದು ಮಾಡಿಸಿದರು. ಆ ಫೋಟೋದಲ್ಲಿ ಹಣೆ ಬರಿದಾಗಿತ್ತು. ಮೂರು ಗೆರೆ ಬರೆಸಿಕೊಂಡು ತಂದರು.

ಅತ್ತೆ ಬದುಕಿರುವವರೆಗೆ ಬಾಯಿ ಬಿಡಬಾರದು ಎಂದುಕೊಂಡಿದ್ದೆ. ಅವರು ಹೋಗಿ ಇಪ್ಪತ್ತೈದು ವರ್ಷ ದಾಟಿದೆ. ಆಮೇಲೂ ಸುಮ್ಮನೇ ಇದ್ದೆ. ಅದಕ್ಕೆ ಅತ್ತೆಯನ್ನು ಕಾರಣ ಮಾಡಲಾರೆ.

ಹೋದ ವಾರ ಮಾವನ ಶಾಲೆಯಿಂದ ವಾಟ್ಸಾಪಿನಲ್ಲಿ ಆಹ್ವಾನ ಬಂತು. ಹಳೆಯ ಮೇಷ್ಟ್ರುಗಳ ಫೋಟೋ ಹಾಕುತ್ತಾರಂತೆ. ಮಾವನದು ಅದೇ ಫೋಟೋ. ಕೆಳಗೆ ಒಂದು ಸಾಲು: ಕೊನೆಯ ಕ್ಷಣದಲ್ಲಿ ದೈವವನ್ನು ಕಂಡುಕೊಂಡ ವಿಚಾರವಾದಿ.

ಅವರ ಬಗ್ಗೆ ಎರಡು ಮಾತು ಆಡಬೇಕೆಂದು ನನ್ನನ್ನು ಕೇಳಿದ್ದಾರೆ. ಕೊನೆಯ ಹೊತ್ತಿಗೆ ಜೊತೆಗಿದ್ದವರು ನೀವೇ ಅಲ್ಲವೇ ಅಂದರು.

ಬರ್ತೀನಿ ಅಂದಿದ್ದೇನೆ.

ಭಾನುವಾರ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಮುಂದಿನ ಸಾಲಿನಲ್ಲಿ ಅತ್ತೆಯ ತವರಿನವರು ಕೂತಿರುತ್ತಾರೆ.