ವಿಮಾನ ಬಿದ್ದಾಗ ಎಲ್ಲರೂ ಮನೇಲಿದ್ದರು

ಸೋಲ್‌ಗೋಲ್ ಅನ್ನುವ ಬೆಟ್ಟದೂರಿನಲ್ಲಿ ಯಾರನ್ನು ಏನು ಬೇಕಾದರೂ ಕೇಳಿ, ಹೇಳುತ್ತಾರೆ. ಸೊಸೆ ಯಾಕೆ ಮುನಿಸಿಕೊಂಡು ಹೋದಳು, ಮೂಲವ್ಯಾಧಿಗೆ ಯಾವ ಡಾಕ್ಟರು, ಗಂಡನ ಗೊರಕೆಗೆ ಏನು ಮದ್ದು, ಇದೆಲ್ಲ ಕೇಳುವ ಮೊದಲೇ ಹೇಳಿಬಿಡುತ್ತಾರೆ. ಸೊಂಗಿ ಅಣಬೆ ಎಲ್ಲಿ ಕಿತ್ತೆ ಅಂತ ಮಾತ್ರ ಕೇಳಬಾರದು. ಕೇಳಿದರೆ ಆ ಕ್ಷಣದಿಂದ ಅವರಿಗೆ ಕಿವಿ ಕೇಳಿಸುವುದಿಲ್ಲ. ಮೇಬೊಂಗ್ ಬೆಟ್ಟದ ಪೈನ್ ಮರಗಳ ಬುಡದಲ್ಲಿ, ಅದೂ ಅಲ್ಲೊಂದು ಇಲ್ಲೊಂದು ಕಡೆ, ಚಳಿ ಶುರುವಾಗುವ ಮೊದಲು ಏಳುವ, ಪೇಟೆಯಲ್ಲಿ ಚಿನ್ನದ ಬೆಲೆಗೆ ಹೋಗುವ ಅಣಬೆ ಅದು. ಬಿತ್ತಿದರೆ ಬೆಳೆಯಲ್ಲ, ಬೇಡಿದರೆ ಬರಲ್ಲ. ಈ ವರ್ಷ ಎಲ್ಲಿ ಎದ್ದಿತೋ ಮುಂದಿನ ವರ್ಷವೂ ಅಲ್ಲೇ. ಆ ಜಾಗ ಗೊತ್ತಿದ್ದವಳ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಗೊತ್ತಿಲ್ಲದವಳ ಮಕ್ಕಳು ಮೂಲಂಗಿ ಕೀಳುತ್ತಾರೆ.

ಮಾಲ್ಸುನ್‌ಗೆ ಗೊತ್ತಿತ್ತು. ಹಾಗಂತ ಸುಲಭವಾಗಿ ಗೊತ್ತಾದದ್ದಲ್ಲ. ಅವಳು ಮೀನುಗಾರರ ಮನೆಯ ಹುಡುಗಿ, ಬೆಟ್ಟದ ಗಂಧಗಾಳಿ ಇಲ್ಲದೆ ಸೋಲ್‌ಗೋಲಿಗೆ ಸೊಸೆಯಾಗಿ ಬಂದವಳು. ಊರು ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಎಪ್ಪತ್ತು ದಾಟಿದರೂ ಅವಳು ‘ಕಡಲೂರವಳು’ ಆಗಿಯೇ ಉಳಿದಳು. ಗಂಡ ಕಲ್ಲಿದ್ದಲ ಗಣಿಗೆ ಹೋಗಿ ಎದೆ ಹಾಳು ಮಾಡಿಕೊಂಡು ಬಂದ, ಇಬ್ಬರು ಹೆಣ್ಣುಮಕ್ಕಳನ್ನು ಅವಳ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದ. ಅತ್ತೆಯೋ, ಕೆಂಡ. ಮನೆಯಲ್ಲಿ ಒಲೆ ಹಚ್ಚಲು ಗತಿಯಿಲ್ಲದಾಗಲೂ ಬುಟ್ಟಿ ತುಂಬ ಅಣಬೆ ತರುತ್ತಿದ್ದಳೇ ಹೊರತು ಎಲ್ಲಿಂದ ಅಂತ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಕಾಲು ಸೋತು ಹಾಸಿಗೆ ಹಿಡಿದ ವರ್ಷ, ಒಂದು ಬೆಳಿಗ್ಗೆ, “ನನ್ನ ಹೊತ್ಕೊಂಡು ನಡಿ” ಅಂದಳು. ಮಾಲ್ಸುನ್ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಮುದುಕಿ ಬಾಯಲ್ಲಿ ದಾರಿ ಹೇಳಲಿಲ್ಲ, ಮರಗಳು ಕೇಳಿಸಿಕೊಂಡಾವು ಅಂತ ಭಯ. ಎಡಕ್ಕೆ ತಿರುಗಬೇಕಾದಾಗ ಎಡಗಿವಿ ಹಿಂಡಿದಳು, ಬಲಕ್ಕಾದರೆ ಬಲಗಿವಿ. ಆಮೆ ಬಂಡೆಯ ಕೆಳಗೆ ಆ ಜಾಗ ಬಂದಾಗ ಮಾಲ್ಸುನ್‌ಳ ಎರಡೂ ಕಿವಿ ಕೆಂಪಗಾಗಿದ್ದವು. “ಹೊಟ್ಟೇಲಿ ಹುಟ್ಟಿದವ್ರಿಗೂ ಹೇಳ್ಬೇಡ. ಸಾಯೋ ಹೊತ್ತಿಗೆ ಹೇಳು,” ಅಂದಳು ಅತ್ತೆ. ಹೆಣ್ಣುಮಕ್ಕಳಿಬ್ಬರೂ ಆ ಜಾಗದಿಂದಲೇ ಓದಿದರು, ಮದುವೆಯಾದರು. ಅವರಿಗೂ ಅದು ಎಲ್ಲಿದೆ ಅಂತ ಗೊತ್ತಿಲ್ಲ.

ಪಕ್ಕದ ಮನೆಯ ಪಿಲ್‌ನ್ಯೋಗೆ ಮಾತ್ರ ಗೊತ್ತು ಮಾಡಿಕೊಳ್ಳುವ ಚಟ. ಒಂದು ಶರತ್ಕಾಲದಲ್ಲಿ ಮಾಲ್ಸುನ್‌ಳ ಬೆನ್ನು ಹಿಡಿದು ಕಳ್ಳಹೆಜ್ಜೆ ಹಾಕಿಕೊಂಡು ಬಂದಳು. ಮಾಲ್ಸುನ್‌ಗೆ ಗೊತ್ತಾಗದೆ ಇರುತ್ತದೆಯೇ? ಅವಳನ್ನು ಇಡೀ ದಿನ ಬೆಟ್ಟ ಸುತ್ತಿಸಿ, ಮುಳ್ಳು ತುಳಿಸಿ, ಸಂಜೆಗೆ ಬೌದ್ಧ ಮಠದ ಒರತೆಯ ಹತ್ತಿರ ತಂದು ನಿಲ್ಲಿಸಿ, “ಅಯ್ಯೋ, ನೀನೂ ನೀರು ಕುಡಿಯೋಕೆ ಬಂದ್ಯಾ?” ಅಂದಳು. ಅಂದಿನಿಂದ ಇಬ್ಬರೂ ಕಿಮ್ಚಿ ಉಪ್ಪಿನಕಾಯಿ ಹಾಕುವಾಗ ಒಟ್ಟಿಗೆ ಕೂರುತ್ತಾರೆ, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಅಳುತ್ತಾರೆ, ಅಣಬೆ ಕಾಲದಲ್ಲಿ ಮಾತ್ರ ಎಣ್ಣೆ ಸೀಗೆಕಾಯಿ.

ಆ ದಿನ ಬೆಳಗಿನ ಜಾವ ಮಾಲ್ಸುನ್ ತನ್ನ ಜಾಗದಲ್ಲಿ ಮಂಡಿಯೂರಿ ಕೂತು ಉದುರಿ ಒಣಗಿದ ಪೈನ್ ಮರದ ಸೂಜಿಯೆಲೆಗಳನ್ನು ಬೆರಳಲ್ಲಿ ಸರಿಸುತ್ತಿದ್ದಳು. ಬೆಟ್ಟದ ತುಂಬ ಮಂಜು. ತಲೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಯಂತ್ರ ಕೆಮ್ಮಿತು. ಕೆಮ್ಮಿ, ನಿಂತು, ಮತ್ತೆ ಕೆಮ್ಮಿತು. ಮರಗಳ ತುದಿ ಬಗ್ಗಿದವು. ಆಮೇಲೆ ಆಮೆ ಬಂಡೆಯ ಆಚೆಗೆ ಕೊಂಬೆಗಳು ಪಟಪಟ ಮುರಿದ ಸದ್ದು, ಕೊನೆಗೊಂದು ದೊಡ್ಡ ಧಡ್. ಕೂಗಿದಳು, ಉತ್ತರವಿಲ್ಲ. ಬಂಡೆಯ ಆಚೆಗೆ ಕಡಿದಾದ ಇಳಿಜಾರು, ಮಂಜಿನಲ್ಲಿ ಒಬ್ಬಳೇ ಇಳಿಯುವ ಹಾಗಿಲ್ಲ. ಊರಿಗೆ ಓಡಬೇಕು. ಓಡುವ ಮೊದಲು ಅಣಬೆಗಳ ಮೇಲೆ ಸೂಜಿಗಳನ್ನು ಮತ್ತೆ ಹೊದಿಸಿದಳು. ಕೈ ತಾನಾಗಿಯೇ ಹೊದಿಸಿತು.

ಅವಳು ಊರ ಸಭಾಮನೆಗೆ ಬರುವಷ್ಟರಲ್ಲಿ ಊರೇ ಅಲ್ಲಿತ್ತು. ಊರ ಯಜಮಾನ ತಾಕ್ ಆಗಲೇ ಮೈಕಿನಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಪೇಟೆಯಿಂದ ರಕ್ಷಣಾ ದಳದ ಜೀಪುಗಳು ಬಂದಿದ್ದವು. ದಳದ ನಾಯಕ ಪ್ಯೋ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಗೋಡೆಗೆ ಬೆಟ್ಟದ ನಕ್ಷೆ ಅಂಟಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಿದ್ದ: ನೀವು ಎಲ್ಲಿದ್ರಿ, ಸದ್ದು ಯಾವ ಕಡೆಯಿಂದ ಬಂತು?

“ನಾನು ತೋಟದಲ್ಲಿ ಮೂಲಂಗಿ ಕೀಳ್ತಿದ್ದೆ,” ಅಂದಳು ಪಿಲ್‌ನ್ಯೋ. “ಕೆರೆ ಕಡೆಯಿಂದ ಬಂತು.”

“ನಾನು ಇನ್ನೂ ಹಾಸಿಗೇಲಿ ಇದ್ದೆ,” ಅಂದ ತಾಕ್. “ಮಠದ ಹಿಂದೆ ಇರ್ಬೇಕು.”

ಮಾಲ್ಸುನ್‌ಳ ಸರದಿ ಬಂತು. ಆಮೆ ಬಂಡೆ ಅಂದರೆ ಮುಗಿಯಿತು, ಅಷ್ಟು ಬೆಳಿಗ್ಗೆ ಅಲ್ಲಿ ನಿನಗೇನು ಕೆಲಸ ಅಂತ ಊರೇ ಕಿವಿ ನಿಮಿರಿಸುತ್ತದೆ. ಇಷ್ಟು ಜನರಲ್ಲಿ ಯಾರಾದರೂ ಸರಿಯಾಗಿ ಹೇಳಿಯೇ ಹೇಳುತ್ತಾರೆ ಅಂದುಕೊಂಡಳು. “ಮನೇಲಿದ್ದೆ ಕಣಪ್ಪ. ಮುದುಕಿ, ಕಿವಿ ಮಂದ. ಉತ್ತರದ ಕಡೆ ಅನ್ಸುತ್ತೆ.” ಬೆಳಿಗ್ಗೆ ಸದ್ದು ಕೇಳಿದ ಕಿವಿಗೆ ತನ್ನ ಮಾತೇ ಸುಳ್ಳು ಅಂತ ಚುಚ್ಚಿತು.

ನಾಯಕ ಒಂದು ತಂಡವನ್ನು ಕೆರೆಗೂ ಇನ್ನೊಂದನ್ನು ಮಠದ ಹಿಂದಕ್ಕೂ ಕಳಿಸಿದ. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲ. ವಿಮಾನದಿಂದ ಬರಬೇಕಾದ ಸಂಕೇತವೂ ಬರುತ್ತಿಲ್ಲ. ಸಭಾಮನೆಯಲ್ಲಿ ಕೂತವರಿಗೆ ಬಾಯಿಗೆ ಬೀಗ ಇಲ್ಲವಲ್ಲ, ಊಹೆಗಳು ಹಾರತೊಡಗಿದವು. ಗಡಿಯಾಚೆಯ ಉತ್ತರ ದೇಶದವರ ಗೂಢಚಾರ ಅಂದ ಒಬ್ಬ. ಹಾಗಾದ್ರೆ ನಿನ್ನ ಕೋಳಿಗೂಡು ನೋಡೋಕೆ ಬಂದಿದ್ನಾ ಅಂತ ಅವನ ಹೆಂಡತಿಯೇ ಬಾಯಿ ಮುಚ್ಚಿಸಿದಳು. ಈ ವರ್ಷ ಬೆಟ್ಟದ ದೇವರಿಗೆ ಹಂದಿತಲೆಯ ಬದಲು ಬರೀ ಅಕ್ಕಿ ಕಡುಬು ಇಟ್ಟರಲ್ಲ, ಅದಕ್ಕೇ ಈ ಗತಿ ಅಂದಳು ಇನ್ನೊಬ್ಬಳು. ಆದರೆ ಎಲ್ಲರಿಗೂ ರುಚಿಸಿದ್ದು ಪಿಲ್‌ನ್ಯೋಳ ಮಾತು.

“ಅಷ್ಟು ಕೆಳಗೆ ಯಾಕೆ ಹಾರ್ತಿತ್ತು ಹೇಳಿ? ನಮ್ಮ ಅಣಬೆ ಜಾಗ ಫೋಟೋ ಹೊಡ್ಕೊಳ್ಳೋಕೆ! ಪೇಟೆಯವ್ರು ಈಗ ಮೇಲಿಂದಾನೇ ಕದಿಯೋಕೆ ಶುರು ಮಾಡಿದಾರೆ.”

“ಹೌದ್ಹೌದು,” ಅಂದಿತು ಊರು. ಕೆಲವರು ಬಿದ್ದದ್ದೇ ಒಳ್ಳೆಯದಾಯಿತು ಎನ್ನುವ ಮುಖವನ್ನೂ ಮಾಡಿದರು. ಥೂ, ಜನ ಎಂದರೆ ಹೀಗೇ.

ಮಧ್ಯಾಹ್ನ ಎರಡೂ ತಂಡಗಳು ಬರಿಗೈಯಲ್ಲಿ ಬಂದವು. ಹೆಂಗಸರು ದೊಡ್ಡ ಹಂಡೆಯಲ್ಲಿ ಮೂಲಂಗಿ ಸಾರು ಕಾಯಿಸಿ ಅನ್ನ ಹಾಕಿ ಬಡಿಸಿದರು. ನಾಯಕ ಬಟ್ಟಲು ಹಿಡಿದು ಕೂತ, ತಿನ್ನಲಿಲ್ಲ.

“ಒಬ್ಬನೇ ಹುಡುಗ ಇದ್ದಿದ್ದು,” ಅಂದ. “ವಿಮಾನ ಓಡಿಸೋದು ಕಲೀತಿದ್ದ. ಮಂಜಲ್ಲಿ ದಾರಿ ತಪ್ಪಿದಾನೆ. ವಿಮಾನ ಬಿದ್ದ ಮೇಲೆ ಅವರಮ್ಮ ಫೋನ್ ಮಾಡಿದಾಗ ಒಂದ್ಸಲ ಎತ್ತಿದನಂತೆ. ಅಮ್ಮಾ, ಮರಗಳು ಕಾಣ್ತಿವೆ ಅಂದನಂತೆ, ಅಷ್ಟೇ, ಫೋನ್ ಸತ್ತೋಯ್ತು. ಬದುಕಿದಾನೆ. ಇವತ್ತು ರಾತ್ರಿ ಬೆಟ್ಟದಲ್ಲಿ ನೀರು ಹೆಪ್ಪುಗಟ್ಟೋ ಚಳಿ ಬೀಳುತ್ತೆ. ಕತ್ತಲಾಗೋದರೊಳಗೆ ಸಿಗದಿದ್ರೆ ಇಲ್ಲ.” ಅವನು ಕಣ್ಣು ಉಜ್ಜಿಕೊಂಡ. “ನನಗೆ ಒಂದು ಮಾತ್ರ ಅರ್ಥ ಆಗ್ತಿಲ್ಲ ಅಜ್ಜಿ. ಒಬ್ರು ಕೆರೆ ಅಂತೀರಿ, ಒಬ್ರು ಮಠ, ಒಬ್ರು ಉತ್ತರ. ಒಂದು ವಿಮಾನ ಎಷ್ಟು ಕಡೆ ಬೀಳುತ್ತೆ?”

ಮಾಲ್ಸುನ್ ಸೌಟು ಹಿಡಿದಲ್ಲೇ ನಿಂತಳು. ಪಿಲ್‌ನ್ಯೋ ಬಗ್ಗಿ ಬಟ್ಟಲು ಜೋಡಿಸುತ್ತಿದ್ದಳು. ಮೂಲಂಗಿ ಕೀಳುತ್ತಿದ್ದವಳ ತಲೆಗೂದಲಿನಲ್ಲಿ ಪೈನ್ ಸೂಜಿ. ಮಾಲ್ಸುನ್ ಸುತ್ತ ಕಣ್ಣಾಡಿಸಿದಳು. ಹಾಸಿಗೆಯಲ್ಲಿದ್ದ ತಾಕ್‌ನ ಸ್ವೆಟರಿನ ಬೆನ್ನಿಗೆ ಪೈನ್ ಸೂಜಿ. ಗೂಢಚಾರ ಅಂದಿದ್ದ ಕೋಳಿಗೂಡಿನವನ ಕಾಲುಚೀಲದಲ್ಲಿ ಪೈನ್ ಸೂಜಿ. ಅಯ್ಯೋ ದೇವರೇ! ಯಾರೂ ಸರಿಯಾಗಿ ಹೇಳಿಲ್ಲ. ಇನ್ನೊಬ್ಬರು ಹೇಳುತ್ತಾರೆ ಅಂತ ಇಡೀ ಊರೇ ಸುಳ್ಳು ಹೇಳಿ ಕೂತಿದೆ. ಅಲ್ಲಿ ಬೆಟ್ಟದಲ್ಲಿ ಯಾವುದೋ ತಾಯಿಯ ಮಗು ಚಳಿಯಲ್ಲಿ ಬಿದ್ದಿದೆ.

ನಲವತ್ತು ವರ್ಷ ಯಾರಿಗೂ ಬಾಯಿ ಬಿಡದ ಜಾಗ. ಹೇಳಿದರೆ ನಾಳೆಯಿಂದ ಅದು ಸಂತೆ. ಸತ್ತ ಅತ್ತೆ ಎದ್ದು ಬಂದು ಕಿವಿ ಹಿಂಡಿದರೂ ಹಿಂಡಿಯಾಳು. ಹಿಂಡಲಿ, ಮುದುಕಿ, ಅಂದುಕೊಂಡಳು.

“ನಾನು ಮನೇಲಿರ್ಲಿಲ್ಲಪ್ಪ,” ಅಂದಳು ಗಟ್ಟಿಯಾಗಿ. “ಆಮೆ ಬಂಡೆ ಕೆಳಗೆ ಇದ್ದೆ. ಅಲ್ಲಿ ನನ್ನ ಅಣಬೆ ಜಾಗ ಇದೆ. ವಿಮಾನ ನನ್ನ ತಲೆ ಮೇಲೇ ಹೋಯ್ತು, ಬಂಡೆ ಆಚೆಗೆ ಬಿತ್ತು. ಬೆಳಿಗ್ಗೆ ಸುಳ್ಳು ಹೇಳ್ದೆ. ತಪ್ಪಾಯ್ತು.”

ಪಿಲ್‌ನ್ಯೋ ಬಾಯಿ ತೆರೆದು ನೋಡುತ್ತಿದ್ದಳು. ಅವಳು ಅಷ್ಟು ವರ್ಷ ಹುಡುಕಿದ ಜಾಗ ಸಾರಿನ ಬಟ್ಟಲುಗಳ ನಡುವೆ ಬಂದು ಬಿದ್ದಿತ್ತು. ಅವಳ ಮುಖ ಕೆಂಪಾಯಿತು, ಬಿಳಿಯಾಯಿತು, ಮತ್ತೆ ಕೆಂಪಾಯಿತು.

“ನಾನೂ ಮೂಲಂಗಿ ಕೀಳ್ತಿರ್ಲಿಲ್ಲ,” ಅಂದಳು. “ಬಿಳಿ ಒರತೆ ಮೇಲೆ ಇದ್ದೆ. ಸದ್ದು ಬಂದಿದ್ದು ಬಂಡೆ ಕಡೆಯಿಂದಾನೇ.”

“ಬಿಳಿ ಒರತೆ ಮೇಲೆ ಅಣಬೆ ಏಳುತ್ತಾ?” ಅಂದ ಕೋಳಿಗೂಡಿನವನು ತಡೆಯಲಾರದೆ.

“ನಿಂದೆಲ್ಲಿ ಹೇಳು ಮೊದ್ಲು!”

ಅವನೂ ಹೇಳಿದ. ಯಜಮಾನ ತಾಕ್ ಕೆಮ್ಮಿ, ನೆಲ ನೋಡಿ, ತಾನು ಇದ್ದದ್ದು ಪಕ್ಕದೂರಿನವರು ಗುತ್ತಿಗೆ ಹಿಡಿದ ಕಾಡಿನಲ್ಲಿ ಅಂತ ಒಪ್ಪಿಕೊಂಡ. ಊರು ಅದನ್ನು ಆಮೇಲೆ ವಿಚಾರಿಸಿಕೊಳ್ಳೋಣ ಅಂತ ಬಿಟ್ಟಿತು. ನಾಯಕ ನಕ್ಷೆಯ ಮೇಲೆ ಗೆರೆ ಎಳೆಯುತ್ತ ಹೋದ. ಎಲ್ಲ ಗೆರೆಗಳೂ ಆಮೆ ಬಂಡೆಯ ಹಿಂದೆ ಒಂದೇ ಕಡೆ ಕೂಡಿದವು.

ಮಾಲ್ಸುನ್ ಮುಂದೆ, ಹಿಂದೆ ರಕ್ಷಣಾ ದಳ, ಅದರ ಹಿಂದೆ ಹಗ್ಗ, ಕಂಬಳಿ, ಬಿಸಿನೀರು ಹೊತ್ತ ಊರು. ಅಷ್ಟು ಬೇಗ ಅವಳು ಆ ಬೆಟ್ಟವನ್ನು ಎಂದೂ ಹತ್ತಿರಲಿಲ್ಲ. ಮಂಜು ಹರಿದು ಬಿಸಿಲು ಬಿದ್ದಿತ್ತು. ತನ್ನ ಜಾಗದ ಅಂಚಿಗೆ ಬಂದು ನಿಂತಳು. ಮೇಲೆ ಬಂಡೆ, ಕೆಳಗೆ ಕೊರಕಲು, ನಡುವೆ ಅವಳ ಪೈನ್ ಮರಗಳು. ಆಚೆ ಹೋಗಲು ಬೇರೆ ದಾರಿ ಇಲ್ಲ. ಸೂಜಿಗಳನ್ನು ಎತ್ತಿಕೊಂಡು ಅಲ್ಲಲ್ಲಿ ಅಣಬೆಗಳು ತಲೆ ಹಾಕಿದ್ದವು.

“ತುಳ್ಕೊಂಡು ಹೋಗಿ,” ಅಂದಳು. “ಬೇಗ.”

ದಳದವರು ಓಡಿದರು. ಹಿಂದಿದ್ದ ಊರು ಮಾತ್ರ ಗಕ್ಕನೆ ನಿಂತಿತು. ಆಮೇಲೆ ಯಜಮಾನ ತಾಕ್ ತಲೆಯೆತ್ತಿ ಆಕಾಶ ನೋಡುತ್ತ ನಡೆದ. ಕೋಳಿಗೂಡಿನವನೂ ಹೆಂಡತಿಯೂ ಆಕಾಶ ನೋಡುತ್ತ ನಡೆದರು. ಪಿಲ್‌ನ್ಯೋ ಕಣ್ಣು ಗಟ್ಟಿಯಾಗಿ ಮುಚ್ಚಿ ಮಾಲ್ಸುನ್‌ಳ ಅಂಗಿಯ ಚುಂಗು ಹಿಡಿದುಕೊಂಡಳು. “ನಡಿ ಅಕ್ಕ, ಕರ್ಕೊಂಡು ಹೋಗು. ನನಗೆ ಕಣ್ಣಿಗೆ ಪೊರೆ ಬಂದು ಏನೂ ಕಾಣ್ಸಲ್ಲ.” ಮಾಲ್ಸುನ್ ಅವಳ ಕೈ ಹಿಡಿದು ನಡೆಸಿದಳು.

ಹುಡುಗ ಸಿಕ್ಕಿದ. ಮುರಿದ ರೆಕ್ಕೆಯ ಸಮೇತ ಎರಡು ಮರಗಳ ನಡುವೆ ಸಿಕ್ಕಿಕೊಂಡಿದ್ದ. ಕಾಲು ಮುರಿದಿತ್ತು, ತುಟಿ ನೀಲಿಗಟ್ಟಿತ್ತು, ಉಸಿರಿತ್ತು. ಇಳಿಸುವಾಗ ಹಗ್ಗ ಹಿಡಿದವರಲ್ಲಿ ಅರ್ಧ ಜನ ಊರಿನವರೇ. ಕಂಬಳಿ ಸುತ್ತಿ, ಬಿಸಿನೀರು ತುಟಿಗೆ ಸೋಕಿಸಿ, ಡೋಲಿಯಲ್ಲಿ ಮಲಗಿಸಿ ಬಂದ ದಾರಿಯಲ್ಲೇ ಹೊತ್ತು ತಂದರು. ಮಾಲ್ಸುನ್ ಪಕ್ಕದಲ್ಲೇ ನಡೆಯುತ್ತ, “ಕಣ್ಣು ಮುಚ್ಬೇಡ ಮಗಾ, ಅಮ್ಮ ಕಾಯ್ತಿದಾಳೆ, ಮಾತಾಡು, ಏನಾದ್ರೂ ಮಾತಾಡು,” ಅನ್ನುತ್ತಲೇ ಇದ್ದಳು. ಅವನು ಮಾತಾಡಲಿಲ್ಲ. ಕಣ್ಣು ಮೆಲ್ಲಗೆ ಮುಚ್ಚುತ್ತಿತ್ತು. ನಾಯಕನ ಮುಖ ಸಣ್ಣದಾಯಿತು.

ಡೋಲಿ ಮಾಲ್ಸುನ್‌ಳ ಜಾಗಕ್ಕೆ ಬಂತು. ಊರು ಮತ್ತೆ ಆಕಾಶ ನೋಡತೊಡಗಿತು. ಹುಡುಗನ ತಲೆ ಒಂದು ಕಡೆಗೆ ವಾಲಿತು, ಕಣ್ಣು ದೊಡ್ಡದಾಗಿ ಅರಳಿತು.

“ಅಜ್ಜೀ,” ಅಂದ, ಎಲ್ಲರಿಗೂ ಕೇಳಿಸುವ ಹಾಗೆ. “ಅಲ್ನೋಡಿ... ಅಣಬೆ! ಎಷ್ಟೊಂದಿವೆ!”

ಮೊದಲು ಯಜಮಾನ ತಾಕ್‌ನ ಹೊಟ್ಟೆ ಕುಣಿಯಿತು, ಪಿಲ್‌ನ್ಯೋ ಕಣ್ಣು ಮುಚ್ಚಿಕೊಂಡೇ ಕಿಸಕ್ಕೆಂದಳು, ಬೆಟ್ಟವೇ ನಕ್ಕಿತು. ಡೋಲಿ ಹೊತ್ತವರು ನಗು ತಡೆಯಲಾರದೆ ಅದನ್ನು ಕೆಳಗಿಳಿಸಬೇಕಾಯಿತು. ಮಾಲ್ಸುನ್ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು, ಯಾವುದು ಎಷ್ಟು ಅಂತ ಅವಳಿಗೇ ತಿಳಿಯಲಿಲ್ಲ. ಬಗ್ಗಿ, ಎಲ್ಲಕ್ಕಿಂತ ದಪ್ಪದ್ದೊಂದನ್ನು ಬುಡಸಮೇತ ಎತ್ತಿ, ಮಣ್ಣು ಒರೆಸಿ ಹುಡುಗನ ಅಂಗೈಗೆ ಇಟ್ಟು ಬೆರಳು ಮಡಚಿದಳು.

“ನಿಮ್ಮಮ್ಮನಿಗೆ ಕೊಡು.”

“ಎಲ್ಲಿ ಸಿಕ್ತು ಅಂತ ಕೇಳಿದ್ರೆ?” ಅಂದ ಹುಡುಗ.

ಮಾಲ್ಸುನ್ ಊರಿನ ಕಡೆ ತಿರುಗಿ ನೋಡಿದಳು. ಎಲ್ಲರ ಗಲ್ಲವೂ ಇನ್ನೂ ಆಕಾಶಕ್ಕೇ ಎತ್ತಿತ್ತು.

“ಹೇಳು ಮಗಾ, ಗಟ್ಟಿಯಾಗೇ ಹೇಳು,” ಅಂದಳು. “ಇಲ್ಲಿರೋರ್ಗಂತೂ ಯಾರ್ಗೂ ಕಣ್ಣು ಕಾಣಲ್ಲ.”