ಮಿಡ್‌ಫೀಲ್ಡರನ ಮೊಣಕಾಲು

ನಮ್ಮ ಕಡೆಯ ಡಾಕ್ಟರುಗಳಿಗೆ ಒಂದು ಚಾಳಿ ಇದೆ. ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ. ಜೊತೆಗೆ ಬಂದವರನ್ನು ಕಣ್ಸನ್ನೆಯಿಂದ ಹೊರಗೆ ಕರೆದು, ವರಾಂಡದಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಓದಿದ ನಾನು ಅದನ್ನು ದಯೆ ಎಂದೇ ನಂಬಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಲೀಡ್ಸಿನ ಆಸ್ಪತ್ರೆಯೊಂದರ ಮೂಳೆ ವಿಭಾಗಕ್ಕೆ ಸೇರಿದಾಗ, ಉಪ್ಪಿನಕಾಯಿಯ ಜೊತೆ ಈ ಚಾಳಿಯನ್ನೂ ಕಟ್ಟಿಕೊಂಡು ಬಂದಿದ್ದೆ.

ಅಲ್ಲಿಗೆ ಬಂದವನು ಸರ್ಬಿಯಾದ ಫುಟ್‌ಬಾಲ್ ಆಟಗಾರ, ಮೂವತ್ತು ದಾಟಿದ ಮಿಡ್‌ಫೀಲ್ಡರ್. ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ತಿಳಿಯದು. ಮಿಡ್‌ಫೀಲ್ಡರ್ ಎಂದರೇನು ಎಂದು ಅವನನ್ನೇ ಕೇಳಿದೆ. "ಗೋಲು ಹೊಡೆಯೋರು ಬೇರೆ, ತಡೆಯೋರು ಬೇರೆ. ನಾನು ನಡುವೆ ನಿಂತು ಚೆಂಡು ಹಂಚ್ತೀನಿ" ಎಂದ. ಮದುವೆಯ ಪಂಕ್ತಿಯಲ್ಲಿ ಯಾರ ಎಲೆ ಖಾಲಿಯಾಗಿದೆ ಎಂದು ನೋಡುತ್ತ ಬಡಿಸುವವನ ಕೆಲಸ ಎಂದು ಅರ್ಥಮಾಡಿಕೊಂಡೆ. ಆ ಬೇಸಿಗೆಯಲ್ಲಿ ಅವನ ಸಣ್ಣ ಕ್ಲಬ್ಬು ಕರಾರು ಮುಗಿಸಿ ಅವನನ್ನು ಕೈಬಿಟ್ಟಿತ್ತು. ಮೊಣಕಾಲು ಸರಿಹೋದರೆ ಇನ್ನೊಂದು ಕ್ಲಬ್ಬು ಸಿಗುತ್ತದೆ ಎಂಬ ಒಂದೇ ಆಸೆಯಲ್ಲಿದ್ದ.

ಹಿರಿಯ ಸರ್ಜನ್ ಮೊಣಕಾಲಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಕೀಲಿನ ಮೆತ್ತೆ ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು. "ಇವನ ಆಟ ಮುಗೀತು. ಎಚ್ಚರವಾದ ಮೇಲೆ ನೀವೇ ಹೇಳಿಬಿಡಿ" ಎಂದು ನನಗೆ ವಹಿಸಿ ಹೊರಟರು.

ವಾರ್ಡಿಗೆ ಹೋದೆ. ಅವನು ನನ್ನನ್ನು ನೋಡಿ ಹೆಬ್ಬೆರಳು ಎತ್ತಿ ನಕ್ಕ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಯನ್ನು ಹೊರಗೆ ಕರೆದೆ. ಅವಳು ಏನನ್ನೂ ಕೇಳಿರಲಿಲ್ಲ, ಕರೆದವನು ನಾನು. ಚಹಾ ಮಷೀನಿನ ಪಕ್ಕ ನಿಲ್ಲಿಸಿ ಎಲ್ಲವನ್ನೂ ಹೇಳಿ, "ಈಗಲೇ ಅವರಿಗೆ ಹೇಳಬೇಡಿ. ಸ್ವಲ್ಪ ಚೇತರಿಸಿಕೊಳ್ಳಲಿ, ಸಮಯ ನೋಡಿ ನಾನೇ ಹೇಳ್ತೀನಿ" ಎಂದೆ. ಫೈಲಿನಲ್ಲಿ ವಿವರಿಸಲಾಗಿದೆ ಎಂದು ಬರೆದೆ. ಯಾರಿಗೆ ಎಂದು ಬರೆಯಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿಗೆ ಹೇಳಿದೆ. ಅವಳು ಧಾರವಾಡದವಳು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. "ಮೊಣಕಾಲು ಯಾರದ್ರೀ, ಆಕಿದೇನು? ನಾಳೆ ಹೋಗಿ ಮೊದಲ ಅವರಿಗೆ ಹೇಳ್ರಿ."

"ಹೇಳ್ತೇನಿ ಬಿಡು" ಎಂದೆ.

ಮರುದಿನ ಹೋಗುವಷ್ಟರಲ್ಲಿ ಅವನನ್ನು ಮನೆಗೆ ಕಳಿಸಿಯಾಗಿತ್ತು. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಅಷ್ಟರೊಳಗೆ ನನ್ನ ಆರು ತಿಂಗಳ ಅವಧಿ ಮುಗಿದು, ಮುಂದಿನ ಪಾಳಿಗೆ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯ ಡ್ಯೂಟಿ ಪಟ್ಟಿ ಕೈಗೆ ಬಂತು. ಸಾಮಾನು ಕಟ್ಟಿದೆವು.

ಆಮೇಲೆ ನಡೆದದ್ದು ಅವನ ಬಾಯಿಂದಲೇ ತಿಳಿಯಿತು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಒಬ್ಬನೇ ಓಡಿದನಂತೆ. ಮೊಣಕಾಲು ಊದಿದಾಗ ಐಸ್ ಕಟ್ಟಿ ಮತ್ತೆ ಓಡಿದನಂತೆ. ಅವನ ಊರಿನ ಹಳೆಯ ಕೋಚ್ ಫೋನ್ ಮಾಡಿ, ಬಂದು ನನಗೆ ಸಹಾಯಕನಾಗು ಎಂದು ಕರೆದರೆ, ನಾನಿನ್ನೂ ಆಡುವವನು ಎಂದು ಬೇಡವೆಂದ. ಒಪ್ಪಿಕೋ ಎಂದ ಹೆಂಡತಿಗೆ, ನನ್ನ ಕಾಲಿನ ಮೇಲೆ ನಿನಗೇ ನಂಬಿಕೆಯಿಲ್ಲ ಎಂದು ಬೈದ. ಅವಳ ಬಾಯಲ್ಲಿ ನಾನಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಹೊಸ ಡಾಕ್ಟರೊಬ್ಬರು ಫೈಲು ನೋಡಿ, ಎಲ್ಲ ಗೊತ್ತಿರುವವನನ್ನು ಕೇಳುವಂತೆ, ಮುಂದೆ ಏನು ಕೆಲಸ ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ಮನೆಗೆ ಬಂದು ಕೇಳಿದಾಗ, ತನಗೆ ಮೊದಲೇ ಗೊತ್ತಿತ್ತು ಎಂದು ಹೆಂಡತಿ ಒಪ್ಪಿಕೊಂಡಳು. ಅಷ್ಟರಲ್ಲಿ ಆ ಸಹಾಯಕನ ಜಾಗ ಬೇರೆಯವರ ಪಾಲಾಗಿತ್ತು.

ಅವನು ರೈಲು ಹತ್ತಿ ಬರ್ಮಿಂಗ್‌ಹ್ಯಾಮಿಗೆ ಬಂದು ಕ್ಯಾಂಟೀನಿನಲ್ಲಿ ನನ್ನನ್ನು ಹಿಡಿದ. ಕೂಗಾಡಲಿಲ್ಲ. "ನಿಮಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾಲು ಮಾತ್ರ ನನ್ನದು" ಎಂದ. ನಾನು ಕ್ಷಮೆ ಕೇಳಿದೆ. ದೂರು ಕೊಟ್ಟರೆ ಕೆಲಸ ಹೋದೀತು ಎಂಬ ಭಯದಲ್ಲಿ, ಅವಳದೇನೂ ತಪ್ಪಿಲ್ಲ ಎಂಬ ಮಾತು ಹೊಳೆಯಲೇ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನು ದೂರು ಕೊಡಲಿಲ್ಲ. ಒಬ್ಬನೇ ಸರ್ಬಿಯಾಕ್ಕೆ ಹೋಗಿ, ಕೋಚಿಂಗ್ ಪರೀಕ್ಷೆ ಪಾಸು ಮಾಡಿ, ಒಂದು ಸಣ್ಣ ಊರಿನ ತಂಡಕ್ಕೆ ಮ್ಯಾನೇಜರ್ ಆದ. ಗೆದ್ದಷ್ಟು ದಿನ ಹಾರ, ಸೋಲು ಶುರುವಾದರೆ ಬಾಗಿಲು. ಮತ್ತೆ ಇನ್ನೊಂದು ಊರು. ನಾನು ಸೋಮವಾರ ಕಂಪ್ಯೂಟರಿನಲ್ಲಿ ಅವನ ತಂಡದ ಫಲಿತಾಂಶ ಹುಡುಕುತ್ತಿದ್ದೆ. ಸೋತಿದ್ದರೆ ಅನ್ನ ರುಚಿಸುತ್ತಿರಲಿಲ್ಲ. ಇಲ್ಲಿ ಕೂತು ನಾನು ಮಾಡುವುದಾದರೂ ಏನಿತ್ತು.

ಕೆಲವು ವರ್ಷಗಳ ಮೇಲೆ ಲೀಡ್ಸಿಗೇ ಮರಳಿದೆ. ಒಂದು ಶನಿವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಅವನ ಹೆಂಡತಿ ಸಿಕ್ಕಳು. ತಲೆಗೂದಲು ನೆರೆತಿತ್ತು.

"ನಿಮ್ಮನ್ನ ಅವನು ಕ್ಷಮಿಸಿದಾನೆ" ಎಂದಳು. "ಮುಚ್ಚಿಡಿ ಅಂತ ನಾನೇ ನಿಮ್ಮನ್ನ ಕೇಳ್ಕೊಂಡೆ ಅಂತ ತಿಳಿದಿದಾನೆ. ಹಾಗಲ್ಲ ಅಂತ ನಾನು ಹೇಳಿದ್ರೆ ನಂಬಲ್ಲ. ನೀವು ಒಂದು ಮಾತು ಹೇಳಿದ್ರೆ ನನ್ನನ್ನ ಕರೆಸ್ಕೋಬಹುದು." ಅವನ ನಂಬರನ್ನು ರಸೀದಿಯ ಹಿಂದೆ ಬರೆದುಕೊಟ್ಟಳು.

ಸೋಮವಾರ ಮಧ್ಯಾಹ್ನ ಫೋನ್ ಮಾಡಿದೆ. ಅವನು ಮೈದಾನದಲ್ಲಿದ್ದ, ಹಿಂದೆ ಸೀಟಿ ಕೇಳುತ್ತಿತ್ತು. ಅವಳು ಕೇಳಿರಲಿಲ್ಲ, ಕರೆದವನು ನಾನು ಎಂದು ಒಂದೂ ಬಿಡದೆ ಹೇಳಿದೆ.

"ಯಾರು ಕರೆದರೋ ಬಿಡಿ, ಡಾಕ್ಟರ್" ಎಂದ. " ನಾಲ್ಕು ತಿಂಗಳು ದಿನಾ ನನ್ನ ಬೂಟು ಒರೆಸಿ ಬಾಗಿಲಲ್ಲಿ ಇಡ್ತಿದ್ಲು. ಓಡೋಕೆ ಕಳಿಸ್ತಿದ್ಲು. ಇಲ್ಲಿ ತಂಡದಿಂದ ಬಿಟ್ಟವನಿಗೆ ನಾನು ಪಂದ್ಯದ ಹಿಂದಿನ ದಿನವೇ ಮುಖ ನೋಡಿ ಹೇಳ್ತೀನಿ. ಅವಳು ಬರೋದು ಬೇಡ." ಯಾರೋ ಅವನನ್ನು ಕೂಗಿದರು, ಫೋನ್ ಇಟ್ಟ.

ಸಂಜೆ ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ಕೂರಲೂ ಹೇಳದೆ ನನ್ನ ಮುಖವನ್ನೇ ನೋಡಿದಳು.

"ತಂಡ ಸೋಲ್ತಾ ಇದೆಯಂತೆ" ಎಂದು ಶುರು ಮಾಡಿದೆ. "ಮನಸ್ಸು ಸರಿಯಿಲ್ಲ. ಈ ಸೀಸನ್ ಮುಗೀಲಿ..."

"ಡಾಕ್ಟರ್, ಅವನು ಏನಂದ?"

ನನ್ನ ಕಣ್ಣು ಅವಳನ್ನು ದಾಟಿ, ಕರೆದು ಹೇಳಲು ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿತು. ಮನೆಯಲ್ಲಿ ಅವಳೊಬ್ಬಳೇ ಇದ್ದಳು.